ಸಾವಕಾರರ ದೀಪಕ್ಕೆ ಕೂಗಿದ ಹುಂಜ

ನಮ್ಮ ಓಣಿಯವರು ಒಂದು ಹುಂಜವನ್ನು ಅಪಶಕುನವೆಂದು ಊರು ಬಿಡಿಸಿದರು. ಅದು ಯಾವ ತಪ್ಪೂ ಮಾಡಿರಲಿಲ್ಲ. ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಿತ್ತು, ನನ್ನ ಗಂಡನಿಗೆ ಗೊತ್ತಿತ್ತು, ಕಡೆಗೆ ನನ್ನ ಮಾವನಿಗೂ ಗೊತ್ತಾಗಿತ್ತು. ಆದರೂ ಬಿಡಿಸಿದರು. ಒಂದು ಕೋಳಿಗಾಗಿ ಅಜ್ಜಿ ಇನ್ನೂ ಸಿಟ್ಟಾಗಿದ್ದಾಳೆ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ನನ್ನ ಸಿಟ್ಟು ಇಳಿದಿಲ್ಲ, ಇಳಿಯಬೇಕೆಂಬ ಆಸೆಯೂ ನನಗಿಲ್ಲ.

ನಾನು ಮುಧೋಳದವಳು. ಸಂಸ್ಥಾನಗಳು ಹೋಗಿ ಮುಂಬೈ ಸರಕಾರ ಬಂದ ಹೊಸದರಲ್ಲಿ ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಆಗ ನನಗೆ ಹದಿನೇಳು. ತವರಿನಲ್ಲಿ ಅಪ್ಪ ಕಚೇರಿಯ ಪಟ್ಟೇವಾಲನಾಗಿದ್ದ. ಕಚೇರಿಯವರು ಕೆಟ್ಟಿತೆಂದು ಬಿಸಾಕಿದ್ದ ಗೋಡೆ ಗಡಿಯಾರವನ್ನು ಅವನು ಮನೆಗೆ ತಂದು ರಿಪೇರಿ ಮಾಡಿಸಿದ್ದ. ಅದು ಐದು ಬಡಿದರೆ ಅವ್ವ ಏಳುತ್ತಿದ್ದಳು, ಆರು ಬಡಿದರೆ ನಾವು ಮಕ್ಕಳು. ಗಂಡನ ಮನೆಯ ಓಣಿಯಲ್ಲಿ ಇಪ್ಪತ್ತು ಮನೆಗಳಿದ್ದವು, ಮನೆಮನೆಗೂ ಕೈಮಗ್ಗವಿತ್ತು, ಒಂದು ಮನೆಯಲ್ಲೂ ಗಡಿಯಾರವಿರಲಿಲ್ಲ. ಅಲ್ಲಿ ಹೊತ್ತು ಹೇಳುತ್ತಿದ್ದದ್ದು ಓಣಿಯ ತುದಿಯ ಹುಂಜ.

ಆ ಹುಂಜದ ಒಡತಿಯನ್ನು ಎಲ್ಲರೂ ಕೋಳಿ ಆಯಿ ಎನ್ನುತ್ತಿದ್ದರು. ಹುನ್ನೂರ ಕಡೆಯ ಕುರಿ ಕಾಯುವ ಮನೆತನದವಳು, ಬೀರೇಶ್ವರನ ಭಕ್ತೆ. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲಿ ಹಂಗಿನ ರೊಟ್ಟಿ ತಿನ್ನಲು ಮನಸ್ಸಾಗದೆ ಬನಹಟ್ಟಿಗೆ ಬಂದು, ಬೇವಿನ ಮರದ ಕೆಳಗೆ ಗುಡಿಸಲು ಹಾಕಿಕೊಂಡಿದ್ದಳಂತೆ. ಉಣ್ಣೆ ನೂಲುತ್ತಿದ್ದಳು. ಆರೇಳು ಹ್ಯಾಟೆ ಕೋಳಿ ಸಾಕಿ ರಬಕವಿಯ ಪೇಟೆಗೆ ಮೊಟ್ಟೆ ಒಯ್ಯುತ್ತಿದ್ದಳು. ನಮ್ಮವರು ಕೋಳಿ, ಮೊಟ್ಟೆ ಮುಟ್ಟುವವರಲ್ಲ. ಅವಳ ಗುಡಿಸಲ ಮುಂದೆ ಹಾಯುವಾಗ ಹೆಂಗಸರು ಸೀರೆಯ ನಿರಿಗೆ ಎತ್ತಿ ಹಿಡಿದು ನಡೆಯುತ್ತಿದ್ದರು. ಆದರೆ ಅವಳ ಹುಂಜ ಕೂಗದೆ ಓಣಿಯ ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ.

ಹುಂಜ ಕೂಗಿದ ಮೇಲೂ ಮಲಗಿದ ಸೊಸೆ ಮನೆಗೆ ದರಿದ್ರ ತರುತ್ತಾಳೆಂದು ನನ್ನ ಅತ್ತೆ ಮೊದಲ ದಿನವೇ ಹೇಳಿದ್ದರು. ಅವರು ಕೆಟ್ಟವರಲ್ಲ. ನನಗಿಂತ ಮೊದಲು ತಾವೇ ಎದ್ದು ಕುಳಿತಿರುತ್ತಿದ್ದರು. ಎದ್ದ ಕೂಡಲೇ ನಾವಿಬ್ಬರೂ ಚಿಮಣಿ ಹಚ್ಚಿ ರಾಟಿಯ ಮುಂದೆ ಕೂತು ಕಂಡಕಿ ಸುತ್ತಬೇಕು. ಕಂಡಕಿಯೆಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿ. ಮಾವನೂ ನನ್ನ ಗಂಡನೂ ಮಗ್ಗದ ಕುಣಿಗೆ ಇಳಿಯುವ ಹೊತ್ತಿಗೆ ಒಂದು ಬುಟ್ಟಿ ಕಂಡಕಿ ತಯಾರಿರಬೇಕು. ಹುಂಜ ಕೂಗಿದ ಮೇಲೆ ಒಂದು ಬುಟ್ಟಿ ತುಂಬುವುದಕ್ಕೂ ಬೇವಿನ ಮರದಲ್ಲಿ ಕಾಗೆಗಳು ಎದ್ದು ಗದ್ದಲ ಹಾಕುವುದಕ್ಕೂ ಸರಿಹೋಗುತ್ತಿತ್ತು. ಕಾಗೆಗಳಾದ ಮೇಲೆ ಗುಬ್ಬಿಗಳು. ಗುಬ್ಬಿ ಚಿಂವಗುಟ್ಟಿತೆಂದರೆ ಒಲೆ ಹಚ್ಚುವ ಹೊತ್ತು.

ಈ ಕ್ರಮವನ್ನು ನನಗೆ ಕಲಿಸಿದವಳು ಆಯಿ. ಬಾವಿಯ ದಾರಿ ಅವಳ ಗುಡಿಸಲ ಮುಂದೆಯೇ ಹಾಯುತ್ತಿತ್ತು. ನಾನು ನಿರಿಗೆ ಎತ್ತದೆ ನಡೆಯುವುದನ್ನು ನೋಡಿ ಅವಳೇ ಒಂದು ದಿನ ಮಾತಾಡಿಸಿದಳು. ಕುರಿಯ ಹಿಂದೆ ತಿರುಗುವವರು ಬಯಲಲ್ಲಿ ಮಲಗಿ ಹಕ್ಕಿಗಳ ಕೂಗಿನ ಮೇಲೆಯೇ ರಾತ್ರಿ ಎಷ್ಟು ಉಳಿದಿದೆಯೆಂದು ಅಳೆಯುತ್ತಾರೆಂದು ಹೇಳಿದಳು. ಎಲ್ಲಕ್ಕೂ ಮೊದಲು ಕಾಜಾಣ, ಆಮೇಲೆ ಹುಂಜ, ಆಮೇಲೆ ಕಾಗೆ. ಒಂದೊಂದು ಹಕ್ಕಿಯ ಕಣ್ಣಿಗೆ ಒಂದೊಂದು ಅಳತೆಯ ಬೆಳಕು ಸಾಕಂತೆ.

ನಾನು ಬಂದ ಮರುವರ್ಷ ಓಣಿಯ ಹಿಂದಿನ ಬಯಲಲ್ಲಿ ಸಾವಕಾರರೊಬ್ಬರು ವಿದ್ಯುತ್ ಮಗ್ಗದ ದೊಡ್ಡ ಶೆಡ್ಡು ಕಟ್ಟಿಸಿದರು. ಆ ಬಯಲು ಟಿಟ್ಟಿಭ ಹಕ್ಕಿಗಳದು. ಬುನಾದಿ ತೋಡಿದಾಗ ಅವು ಎರಡು ದಿನ ತಲೆಯ ಮೇಲೆಯೇ ಕಿರುಚಿ ಹಾರಾಡಿದವು. ಮೂರನೆಯ ದಿನ ಕಟ್ಟಡಕ್ಕೆಂದು ತಂದು ಸುರಿದಿದ್ದ ಖಡಿಯ ರಾಶಿಯ ಮೇಲೆ ಒಂದು ಜೋಡಿ ಮೊಟ್ಟೆಯಿಟ್ಟಿತು. ಕಲ್ಲಿನದೇ ಬಣ್ಣ, ಕಲ್ಲಿನದೇ ಚುಕ್ಕೆ, ತೋರಿಸದೆ ಕಾಣುವಂತಿರಲಿಲ್ಲ. ಆಯಿ ನನ್ನನ್ನು ಕರೆದು ತೋರಿಸಿದಳು. ಮರುದಿನ ನಾವು ನೋಡುವುದರೊಳಗೆ ಆ ಖಡಿಯನ್ನು ಬುಟ್ಟಿಯಲ್ಲಿ ತುಂಬಿ ಸುಣ್ಣದ ಗಾರೆಗೆ ಹಾಕಿಬಿಟ್ಟಿದ್ದರು.

ಶೆಡ್ಡಿಗೆ ಸ್ವಂತ ಇಂಜಿನ್ನು ಬಂತು, ಅದರಿಂದ ಕರೆಂಟು ಬಂತು, ರಾತ್ರಿ ಪಾಳಿ ಶುರುವಾಯಿತು. ಅಂಗಳದಲ್ಲಿ ನೂಲಿನ ಬೇಲುಗಳನ್ನು ಒಟ್ಟುತ್ತಿದ್ದರಿಂದ ಕಳ್ಳರಿಗೆ ಹೆದರಿ ಸಾವಕಾರರು ಬೇವಿನ ಮರದಷ್ಟೇ ಎತ್ತರದ ಕಂಬ ನೆಟ್ಟು ಅದರ ತುದಿಗೆ ಭಾರಿ ದೀಪವೊಂದನ್ನು ಕಟ್ಟಿಸಿದರು. ಅದು ಹೊತ್ತು ಮುಳುಗಿದಾಗ ಹತ್ತಿ ಹೊತ್ತು ಹುಟ್ಟುವವರೆಗೂ ಉರಿಯುತ್ತಿತ್ತು. ಮೊದಲ ವಾರ ಓಣಿಗೆ ಓಣಿಯೇ ಹೋಗಿ ಅದರ ಕೆಳಗೆ ನಿಂತು ಮೇಲೆ ನೋಡಿತು. ಬೆಳದಿಂಗಳನ್ನು ಸಾವಕಾರರು ಊರಿಗೆ ಕಟ್ಟಿಹಾಕಿದರೆಂದು ಮುದುಕರು ಹೊಗಳಿದರು. ನಾನೂ ಹೊಗಳಿದೆ. ಸುಳ್ಳೇಕೆ ಹೇಳಲಿ, ಅದರ ಬೆಳಕಿನಲ್ಲಿ ಕೂತು ತೊಡಕಾದ ನೂಲನ್ನು ಬಿಡಿಸಿದ್ದೇನೆ.

ಹಕ್ಕಿಗಳೂ ಆ ದೀಪಕ್ಕೆ ಒಗ್ಗಿಕೊಂಡವು. ಗುಬ್ಬಿಗಳು ಶೆಡ್ಡಿನ ತಗಡಿನ ಸಂದಿಗಳಲ್ಲಿ ಸಂಸಾರ ಹೂಡಿದವು. ಹಾಳು ಬಾವಿಯ ಗೋಡೆಯಲ್ಲಿದ್ದ ಸಣ್ಣ ಗೂಬೆ, ನಾವು ಹಾಲಕ್ಕಿ ಎನ್ನುವುದು, ಬಾವಿ ಬಿಟ್ಟು ಬಂದು ಕಂಬದ ಮೇಲೆ ಕೂತಿತು. ದೀಪಕ್ಕೆ ಮುತ್ತುವ ಹುಳಗಳು ಅದಕ್ಕೆ ದಂಡಿಯಾಗಿ ಸಿಕ್ಕುತ್ತಿದ್ದವು. ಮನೆಯ ಮಾಳಿಗೆಯ ಮೇಲೆ ಅದೇ ಹಾಲಕ್ಕಿ ಕೂತರೆ ಕಲ್ಲು ಹೊಡೆದು ಓಡಿಸಿ, ಬಾಗಿಲಿಗೆ ನೀರು ಚಿಮುಕಿಸುವ ಜನ ನಮ್ಮವರು. ಆದರೆ ಗೂಬೆ ಲಕ್ಷ್ಮಿಯ ವಾಹನ, ಸಾವಕಾರರ ಮನೆಗೆ ಲಕ್ಷ್ಮಿ ಬಂದಿದ್ದಾಳೆ ಎಂದು ಅವರ ಗುಮಾಸ್ತ ಹೇಳಿದ್ದೇ ತಡ, ಎಲ್ಲರೂ ಹೌದೆಂದರು. ಕಂಬದ ಮೇಲಿನ ಗೂಬೆ ಶುಭವಾಯಿತು. ಆಗ ನಾನು ನಕ್ಕಿದ್ದೆ. ಮುಂದೆ ಆಯಿಯ ಹುಂಜಕ್ಕೆ ಇದೇ ಜನ ನ್ಯಾಯ ಹೇಳುವವರಿದ್ದಾರೆಂದು ನನಗೇನು ಗೊತ್ತು?

ಆಯಿಯ ಹುಂಜ ರಾತ್ರಿ ಬೇವಿನ ಟೊಂಗೆಯ ಮೇಲೆ ಕೂಡುತ್ತಿತ್ತು. ದೀಪ ಅದರ ಕಣ್ಣಿಗೆ ನೇರ ಹೊಡೆಯುತ್ತಿತ್ತು. ಮೊದಮೊದಲು ನನಗೆ ಏನೂ ತಿಳಿಯಲಿಲ್ಲ. ಹುಂಜ ಕೂಗುತ್ತಿತ್ತು, ಏಳುತ್ತಿದ್ದೆ. ಒಂದು ಬುಟ್ಟಿ ಕಂಡಕಿ ತುಂಬಿದರೂ ಕಾಗೆ ಕೂಗುತ್ತಿರಲಿಲ್ಲ. ನನ್ನ ಕೈ ಚುರುಕಾಗಿದೆಯೆಂದು ಹೆಮ್ಮೆಪಟ್ಟೆ. ಕೆಲವು ದಿನಕ್ಕೆ ಒಂದೂವರೆ ಬುಟ್ಟಿ, ಆಮೇಲೆ ಎರಡು. ಓಣಿಯ ಗಂಡಸರಿಗೆ ಸಂತೋಷ. ಸೀರೆಗಳು ಮಗ್ಗದಿಂದ ಬೇಗ ಇಳಿಯುತ್ತಿವೆ, ಮನೆಯ ಹೆಂಗಸರು ಮೈಬಗ್ಗಿಸಿ ದುಡಿಯುತ್ತಿದ್ದಾರೆ ಎಂದು ಮಾತಾಡಿಕೊಂಡರು.

ಚಳಿಗಾಲ ಕಳೆಯುವ ಹೊತ್ತಿಗೆ ನಾನು ನಾನಾಗಿ ಉಳಿದಿರಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಕಣ್ಣು ಮುಚ್ಚುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಕರಿ ಹಿಡಿಯುತ್ತಿತ್ತು. ಬಾವಿಗೆ ಕೊಡ ಇಳಿಸಿದವಳು ಅಲ್ಲೇ ತೂಕಡಿಸಿ, ಹಗ್ಗ ಕೈಜಾರಿ, ಕೊಡ ನೀರುಪಾಲಾಯಿತು. ಮುಧೋಳದ ಹುಡುಗಿ ಮೈಗಳ್ಳಿ ಎಂಬ ಮಾತು ಓಣಿಯಲ್ಲಿ ಹುಟ್ಟಿಕೊಂಡಿತು. ಅತ್ತೆ ಎದುರಿಗೇ ಅಂದರು. ಆದರೆ ಅವರ ಸ್ಥಿತಿ ನನಗಿಂತ ಕೆಟ್ಟಿತ್ತು. ರಾಟಿ ತಿರುಗಿಸುವ ಬಲಗೈ ನಡುಗತೊಡಗಿತ್ತು, ಸಂಜೆಯಾದರೆ ಜ್ವರ ಬರುತ್ತಿತ್ತು. ನನ್ನ ಗಂಡ ನೇಯ್ದ ಒಂದು ಸೀರೆಯ ಅಂಚಿನಲ್ಲಿ ಗೇಣುದ್ದ ಎಳೆ ತಪ್ಪಿತ್ತು. ಹಾಗೆ ತಪ್ಪುವ ನೇಕಾರನಲ್ಲ ಅವನು. ವ್ಯಾಪಾರಿ ಆ ಸೀರೆಯನ್ನು ಎಲ್ಲರ ಮುಂದೆ ಬಿಚ್ಚಿ ತೋರಿಸಿದನಂತೆ. ಆ ದಿನ ಅವನು ಮನೆಗೆ ಬಂದು ಊಟ ಮಾಡಲಿಲ್ಲ.

ನಾನು ಬಸುರಿಯೆಂದು ಅತ್ತೆ ಅಂದುಕೊಂಡರು. ಅಲ್ಲವೆಂದು ಗೊತ್ತಾದಾಗ ನನ್ನ ಮೈಯಲ್ಲಿ ಏನೋ ರೋಗವಿದೆಯೆಂದು ನಾನೇ ನಂಬಿದೆ. ಬೇರೆ ಹೆಂಗಸರೂ ಹೀಗೆಯೇ ಇದ್ದರು. ಆದರೆ ಯಾರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ನಿದ್ದೆ ಸಾಲುತ್ತಿಲ್ಲವೆಂದು ಹೇಳುವ ಹೆಂಗಸನ್ನು ಯಾವ ಓಣಿ ಮೆಚ್ಚುತ್ತದೆ?

ಆಗ ನನ್ನ ಅಣ್ಣ ಬಂದ. ಅವನು ಬೀಳಗಿಯಲ್ಲಿ ಮಾಸ್ತರನಾಗಿದ್ದ, ಹೊಸದಾಗಿ ಕೈಗಡಿಯಾರ ಕೊಂಡಿದ್ದ. ಒಂದು ರಾತ್ರಿ ನಮ್ಮಲ್ಲಿ ಉಳಿದು ಪಡಸಾಲೆಯಲ್ಲಿ ಮಲಗಿದ್ದ. ಹುಂಜ ಕೂಗಿತು. ಅತ್ತೆಯೂ ನಾನೂ ಎದ್ದು ಚಿಮಣಿ ಹಚ್ಚಿದೆವು. ರಾಟಿಯ ಸದ್ದಿಗೆ ಅಣ್ಣ ಎದ್ದು ಕೂತ. ಯಾರಿಗೆ ಏನಾಯಿತು, ಯಾಕೆ ಎದ್ದಿರೆಂದು ಕೇಳಿದ. ಬೆಳಗಾಯಿತಲ್ಲ ಎಂದೆ. ಅವನು ಮುಂಗೈಯನ್ನು ಚಿಮಣಿಯ ಹತ್ತಿರ ತಂದು ನೋಡಿದ.

"ಒಂದೂವರಿ ಆಗೇತಿ, ತಂಗಿ. ದಿನಾ ಹಿಂಗ ಏಳ್ತೀರೇನು?"

ಅತ್ತೆ ರಾಟಿ ನಿಲ್ಲಿಸಿದರು. ಅವರ ಮುಖದಲ್ಲಿ ಆಗ ಕಂಡದ್ದನ್ನು ನಾನು ಮರೆತಿಲ್ಲ. ಯಾರೋ ಮನೆಯೊಳಗೆ ಹೊಕ್ಕು ಕದ್ದದ್ದು ಆಗಷ್ಟೇ ಗೊತ್ತಾದ ಮುಖ ಅದು. ಗಡಿಯಾರ ಕೆಟ್ಟಿರಬಹುದು ಎಂದರು. ಅಣ್ಣ ಕಿವಿಗೆ ಹಿಡಿದು ಕೇಳಿಸಿದ. ಅತ್ತೆ ಮತ್ತೆ ರಾಟಿ ತಿರುಗಿಸಿದರು.

ಯಾಕೆ ಹೀಗೆಂದು ನನಗೆ ಹೊಳೆಯಲು ಇನ್ನೂ ಹತ್ತು ದಿನ ಹಿಡಿಯಿತು. ಶೆಡ್ಡಿನ ಇಂಜಿನ್ನಿನದೇನೋ ಮುರಿಯಿತು. ಸಾಮಾನು ಸಾಂಗಲಿಯಿಂದ ಬರಬೇಕಿತ್ತು. ನಾಲ್ಕು ರಾತ್ರಿ ಕಂಬದ ದೀಪ ಹತ್ತಲಿಲ್ಲ. ಮೊದಲನೆಯ ರಾತ್ರಿ ಹುಂಜ ಎರಡು ಸಲ ಹೊತ್ತಲ್ಲದ ಹೊತ್ತಿಗೆ ಕೂಗಿ ಸುಮ್ಮನಾಯಿತು. ಎರಡನೆಯ ದಿನದಿಂದ ಅದು ಕೂಗಿದ್ದು ಮೂಡಣ ಬೆಳ್ಳಗಾಗುವ ಮುಂಚೆ. ಒಂದು ಬುಟ್ಟಿ ಕಂಡಕಿ ತುಂಬಿತು, ಕಾಗೆಗಳು ಎದ್ದವು. ಆ ಮೂರು ದಿನ ಓಣಿಯ ಹೆಂಗಸರ ಮುಖದಲ್ಲಿ ಹಬ್ಬದ ಕಳೆ. ಬಾವಿಯ ಕಟ್ಟೆಯ ಮೇಲೆ ನಗು ಕೇಳಿಸಿತು. ಐದನೆಯ ರಾತ್ರಿ ದೀಪ ಹತ್ತಿತು; ಮತ್ತೆರಡು ದಿನಕ್ಕೆ ಹುಂಜ ನಡುರಾತ್ರಿಯ ಪಾಡಿಗೆ ಮರಳಿತು.

ಇದೆಲ್ಲ ಆ ದೀಪದಿಂದಲೇ ಅಲ್ಲವೇ ಎಂದು ನಾನು ಬಾವಿಗೆ ಹೋಗುವ ದಾರಿಯಲ್ಲಿ ಆಯಿಯನ್ನು ಕೇಳಿದೆ. ಅವಳಿಗೆ ಅದು ಎಂದೋ ಗೊತ್ತಿತ್ತು. ಹೇಳಿದರೆ ಯಾರು ಕೇಳುತ್ತಾರೆಂದು ಸುಮ್ಮನಿದ್ದಳಂತೆ.

"ಅದಕ್ಕ ಬೆಳಕಂದ್ರ ಬೆಳಕು, ಮಗಳ. ಸೂರ್ಯಂದೋ ಸಾವಕಾರಂದೋ ಅದಕ್ಕ ಹ್ಯಾಂಗ ಗೊತ್ತಾಗಬೇಕು?"

ನಾನು ಗಂಡನಿಗೆ ಹೇಳಿದೆ. ಅವನು ನಂಬಿದ. ಅವನು ಮಾವನಿಗೆ ಹೇಳಿದ. ಮಾವ ನಕ್ಕರು. ಆದರೆ ಹುಂಜ ಒಂದೂವರೆಗೆ ಕೂಗುತ್ತದೆಂಬ ಸುದ್ದಿ ಮಾತ್ರ ಅವರ ಬಾಯಿಂದ ಓಣಿಯ ಹಿರಿಯರ ಕಿವಿಗೆ ಹೋಯಿತು. ದೀಪದ ಮಾತು ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು, ಹುಂಜದ ಮಾತು ಉಳಿಯಿತು. ಹೊತ್ತಲ್ಲದ ಹೊತ್ತಿನಲ್ಲಿ ಹುಂಜ ಕೂಗಿದರೆ ಊರಿಗೆ ಕೇಡು ಎಂದು ಒಬ್ಬರು ನೆನಪು ಮಾಡಿದರು. ಅದಕ್ಕೇ ಹೆಂಗಸರು ಬಳಲುತ್ತಿದ್ದಾರೆ, ಅದಕ್ಕೇ ನೇಯ್ಗೆ ಕೆಡುತ್ತಿದೆ ಎಂದು ಮತ್ತೊಬ್ಬರು. ಗಂಡ ಸತ್ತವಳ ಕೈಯಲ್ಲಿ ಬೆಳೆದ ಹುಂಜ ಇನ್ನೇನಾದೀತು ಎಂದು ಮೂರನೆಯವರು.

ಮಾವ ಇದನ್ನು ಊಟಕ್ಕೆ ಕೂತಾಗ ಹೇಳಿದರು. ನಾನು ಬಡಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟೆ. ಮಾವನ ಎದುರು ಎಂದೂ ಮಾತಾಡಿದವಳಲ್ಲ. ದೀಪಕ್ಕೆ ಬೇವಿನ ಮರದ ಕಡೆ ಒಂದು ತಗಡು ಮರೆ ಕಟ್ಟಿದರೆ ಸಾಕು, ಸಾವಕಾರರ ಬೇಲುಗಳ ಮೇಲಿನ ಬೆಳಕು ಕಡಿಮೆಯಾಗುವುದಿಲ್ಲ, ಯಾರಾದರೂ ಹೋಗಿ ಕೇಳಬಾರದೇ ಎಂದೆ. ಮಾವ ಕೈ ತೊಳೆದು ಎದ್ದುಹೋದರು. ಯಾರೂ ಏಕೆ ಹೋಗಿ ಕೇಳುವುದಿಲ್ಲವೆಂದು ಆಮೇಲೆ ನನ್ನ ಗಂಡ ಹೇಳಿದ. ಆ ಹಿರಿಯರಲ್ಲಿ ಇಬ್ಬರ ಮಕ್ಕಳು ಆಗಲೇ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದರು. ಉಳಿದವರು ಸೇರಿಸಲು ಕಾಯುತ್ತಿದ್ದರು.

ನಾನೇ ಹೋದೆ. ಓಣಿಯ ಸೊಸೆ ಹಗಲು ಹೊತ್ತಿನಲ್ಲಿ ಸೆರಗು ಹೊದ್ದು ಒಬ್ಬಳೇ ಶೆಡ್ಡಿನ ಬಾಗಿಲಿಗೆ ಹೋಗುವುದೆಂದರೆ ಆಗಿನ ಕಾಲಕ್ಕೆ ಏನೆಂದು ಈಗಿನವರಿಗೆ ಹೇಳಿ ತಿಳಿಸಲಾರೆ. ಮಗ್ಗಗಳ ಸದ್ದಿಗೆ ನೆಲ ಅದುರುತ್ತಿತ್ತು. ಗುಮಾಸ್ತ ಹೊರಗೇ ತಡೆದ. ಸಾವಕಾರರೇ ನೋಡಿ ಒಳಗೆ ಕರೆಸಿದರು, ಗಾದಿಯ ಮುಂದೆ ಚಾಪೆ ಹಾಸಿಸಿ ಕೂಡಲು ಹೇಳಿದರು, ನೀರು ತರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಹುಂಜ, ದೀಪ, ಇಂಜಿನ್ನು ಕೆಟ್ಟ ನಾಲ್ಕು ದಿನ, ನನ್ನ ಅತ್ತೆಯ ಜ್ವರ, ಒಂದು ತಗಡಿನ ಮರೆ. ಅವರು ಅರ್ಧಕ್ಕೆ ತಡೆಯದೆ ಕೇಳಿದರು. ಇಂಥ ದೊಡ್ಡವರು ಇಷ್ಟು ಸಮಾಧಾನದಿಂದ ಕೇಳುತ್ತಿದ್ದಾರಲ್ಲ, ಕೆಲಸವಾಯಿತು ಎಂದುಕೊಂಡೆ. ನಾನು ಮುಗಿಸಿದ ಮೇಲೆ ಅವರು ಮೆಲ್ಲಗೆ ನಕ್ಕರು.

"ಹೆಣಮಕ್ಕಳು ಲಗೂನ ಎದ್ರ ಕೆಟ್ಟದ್ದೇನಾತು, ತಂಗಿ? ಮನಿ ಉದ್ಧಾರ ಆಕ್ಕೇತಿ."

ಅವರು ಬೈದಿದ್ದರೆ ನಾನು ಮರೆತಿರುತ್ತಿದ್ದೆ. ಪ್ರೀತಿಯಿಂದ ಹೇಳಿದರು. ಅವರ ಮನೆಯ ಹೆಂಗಸರು ಎಷ್ಟು ಹೊತ್ತಿಗೆ ಏಳುತ್ತಾರೆಂದು ಕೇಳಬೇಕೆನಿಸಿತು; ಕೇಳದೆ ಎದ್ದು ಬಂದೆ. ಹಿಂದಿನಿಂದ ಗುಮಾಸ್ತ ಯಾರಿಗೋ ಏನೋ ಹೇಳಿ ನಗಿಸಿದ್ದು ಕೇಳಿಸಿತು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಾವ ನನ್ನ ಗಂಡನನ್ನು ಕರೆದು, ಹೆಂಡತಿಯನ್ನು ಹಿಡಿತದಲ್ಲಿಡು ಎಂದರು.

ಅಷ್ಟರಲ್ಲಿ ಹಿರಿಯರು ಆಯಿಗೆ ಎಂಟು ದಿನದ ಗಡುವು ಕೊಟ್ಟು ಬಂದಿದ್ದರು. ಹುಂಜ ಹೋಗಬೇಕು, ಇಲ್ಲವೇ ಗುಡಿಸಲು ಕೀಳಬೇಕು. ಆಯಿ ಜಗಳವಾಡಲಿಲ್ಲ. ಅಂದು ಸಂಜೆ ಹುಂಜವನ್ನು ಬೇವಿನ ಟೊಂಗೆಯಿಂದ ಇಳಿಸಿ ಗುಡಿಸಲೊಳಗೆ ಬುಟ್ಟಿಯಡಿ ಹಾಕಿ, ಬುಟ್ಟಿಯ ಮೇಲೆ ತನ್ನ ಕರಿ ಕಂಬಳಿ ಹೊದಿಸಿದಳು. ಅದು ಮೊದಲೆರಡು ದಿನ ಒದ್ದಾಡಿತಂತೆ. ಆಮೇಲೆ ಕತ್ತಲೆಗೆ ಹೊಂದಿಕೊಂಡಿತು. ಬೆಳಗಿನ ಜಾವಕ್ಕೆ ಅವಳು ಕಂಬಳಿ ತೆಗೆಯುತ್ತಿದ್ದಳು. ಹುಂಜ ಹಿಂದಿನಂತೆ, ಕಾಗೆಗಳಿಗಿಂತ ಒಂದು ಬುಟ್ಟಿ ಕಂಡಕಿಯಷ್ಟು ಮೊದಲು ಕೂಗಿತು. ಒಂದು ಕಂಬಳಿಯಲ್ಲಿ ಮುಗಿದ ಕೆಲಸ! ಆ ಮುದುಕಿ ರಾತ್ರಿಯೆಲ್ಲ ಚಳಿಯಲ್ಲಿ ನಡುಗಿದ್ದನ್ನು ಮಾತ್ರ ಯಾರೂ ಕೇಳಲಿಲ್ಲ.

ಐದು ದಿನ ಓಣಿ ನಿದ್ದೆ ಮಾಡಿತು. ಹುಂಜ ಸರಿಯಾಗಿದೆಯಲ್ಲ, ಇನ್ನು ಬಿಟ್ಟುಬಿಡಬಹುದಲ್ಲ ಎಂದು ನನ್ನ ಗಂಡ ಮಾವನನ್ನು ಕೇಳಿದ. ಸರಿಯಾಗಿರುವುದು ಖರೆ ಎಂದು ಮಾವ ಒಪ್ಪಿದರು. ದೀಪದ್ದೇ ಕಾಟವೆಂಬುದೂ ಖರೆ ಇರಬಹುದು ಎಂದರು. ಆದರೆ ಹಿರಿಯರು ಆಡಿದ ಮಾತು ಆಡಿಯಾಗಿದೆ, ಒಬ್ಬ ಮುದುಕಿಗಾಗಿ ಹಿಂದೆಗೆಯುವುದು ಹೇಗೆ ಎಂದರು.

ಏಳನೆಯ ದಿನ ಬೆಳಿಗ್ಗೆ ನಾವು ಓಣಿಯಲ್ಲಿ ಹಾಸು ಹೂಡಿದ್ದೆವು. ಸೀರೆಯ ಉದ್ದದ ಎಳೆಗಳನ್ನೆಲ್ಲ ಓಣಿಯ ಈ ತುದಿಯಿಂದ ಆ ತುದಿಗೆ ಬಿಗಿದು ಗಂಜಿ ಹಚ್ಚಿ ಒಣಗಿಸುವ ಕೆಲಸ. ಒಂದು ತುದಿಯ ಕೋಲನ್ನು ನಾನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ನಿಂತಿದ್ದೆ, ಆ ತುದಿಯನ್ನು ನೆರೆಮನೆಯವಳು ಹಿಡಿದಿದ್ದಳು, ಅತ್ತೆ ನಡುವೆ ಕುಂಚ ಎಳೆಯುತ್ತಿದ್ದರು. ಕೋಲು ಸಡಿಲ ಬಿಟ್ಟರೆ ಹಸಿ ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಒಂದು ತಿಂಗಳ ನೇಯ್ಗೆ ಹಾಳಾಗುತ್ತದೆ. ಆಯಿ ಮೊಟ್ಟೆ ತೆಗೆದುಕೊಂಡು ರಬಕವಿಗೆ ಹೋಗಿದ್ದಳು.

ಶೆಡ್ಡಿನ ಕಾವಲುಗಾರನೂ ಓಣಿಯ ಇಬ್ಬರು ಹಿರಿಯರೂ ಬಂದರು. ನಮ್ಮವರು ಕೋಳಿ ಮುಟ್ಟುವವರಲ್ಲ, ಅದಕ್ಕೇ ಕಾವಲುಗಾರನನ್ನು ಕರೆತಂದಿದ್ದರು. ಹುಂಜ ಹಾಸಿನ ಪಕ್ಕದಲ್ಲೇ ಹ್ಯಾಟೆಗಳ ಜೊತೆ ಕೆದರುತ್ತಿತ್ತು. ಅವನು ಜೋಳದ ಕಾಳು ಚೆಲ್ಲಿ ಕರೆದ. ಸಾಕಿದ ಹಕ್ಕಿ, ಮನುಷ್ಯರನ್ನು ನಂಬಿದ ಹಕ್ಕಿ, ಬಂತು.

"ಆಯಿ ಬರೂತನ ನಿಲ್ರಿ," ಎಂದೆ ನಾನು. "ಆಕೀನ ಕೇಳಿ ಒಯ್ರಿ."

ಗಡುವಿಗೆ ಇನ್ನೂ ಒಂದು ದಿನವಿದೆಯೆಂದೂ ಹೇಳಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಹಿರಿಯರಲ್ಲೊಬ್ಬರು ಹಾಸಿನ ಕೆಳಗೆ ಬಗ್ಗಿ, ಎಳೆಗೆ ತಲೆ ತಾಗದಂತೆ ಜೋಪಾನವಾಗಿ ಈಚೆ ಬಂದರು. ಎಳೆಯ ಮೇಲೆ ಇದ್ದ ಆ ಕಾಳಜಿ! ಕಾವಲುಗಾರ ಹುಂಜದ ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದು ನಡೆದ. ಲೋಕಾಪುರದ ಸಂತೆಗೆ ಹೊರಟಿದ್ದ ಬಂಡಿಯಲ್ಲಿ ಅದನ್ನು ಹಾಕಿ ಕಳಿಸಿದರೆಂದು ಆಮೇಲೆ ತಿಳಿಯಿತು.

ನಾನು ಕೋಲನ್ನು ಬಿಡಲಿಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡರೂ ನನಗೆ ಸಮಾಧಾನವಿಲ್ಲ. ಕೋಲು ಬಿಟ್ಟು ಓಡಿ ಅವನ ಕೈಯಿಂದ ಕಿತ್ತುಕೊಳ್ಳಬಹುದಿತ್ತು. ಹಾಸು ಹಾಳಾಗುತ್ತಿತ್ತು, ಅಷ್ಟೇ. ನಾನು ಎಳೆಗಳನ್ನು ಬಿಗಿಯಾಗಿ ಹಿಡಿದುಕೊಂಡು ನಿಂತೆ. ಬಾಯಿ ಮಾತ್ರ ಆಡಿತು. ಓಣಿಯವರ ಮೇಲಿನ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲಿನದೇ.

ಆಯಿ ಮಧ್ಯಾಹ್ನ ಬಂದಾಗ ನಾನೇ ಹೋಗಿ ಹೇಳಿದೆ. ಅವಳು ತಲೆಯ ಮೇಲಿನ ಬುಟ್ಟಿ ಇಳಿಸದೆ ನಿಂತು ಕೇಳಿದಳು. ಹುಂಜ ಕೂಗಿಕೊಂಡಿತೇ ಎಂದಷ್ಟೇ ವಿಚಾರಿಸಿದಳು. ಇಲ್ಲವೆಂದೆ. ಅದು ನಿಜವಲ್ಲ. ಬಂಡಿ ಓಣಿ ದಾಟುವವರೆಗೂ ಕೂಗಿಕೊಂಡಿತ್ತು. ಅವಳಿಗೆ ನನ್ನ ಸುಳ್ಳು ಗೊತ್ತಾಯಿತೆಂದು ಕಾಣುತ್ತದೆ, ನನ್ನ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ನಾಲ್ಕು ದಿನಕ್ಕೆ ಗುಡಿಸಲು ಬಿಚ್ಚಿ, ಹ್ಯಾಟೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು, ಯಾವ ಹಂಗು ಬೇಡವೆಂದು ಬಿಟ್ಟು ಬಂದಿದ್ದಳೋ ಅದೇ ಅಣ್ಣನ ಮನೆಗೆ ಹುನ್ನೂರಿಗೆ ಹೋದಳು. ಮುಂದಿನ ವರ್ಷ ಆ ಕಡೆಯಿಂದ ಕುರಿ ಹೊಡೆದುಕೊಂಡು ಬಂದವರನ್ನು ಕೇಳಿದೆ. ಇದ್ದಾಳೆ, ಉಣ್ಣೆ ನೂಲುತ್ತಾಳೆ, ಯಾರ ಜೊತೆಗೂ ಹೆಚ್ಚು ಮಾತಿಲ್ಲ ಎಂದರು. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಹುಂಜ ಹೋದ ಮೇಲೆ ಓಣಿಗೆ ಹೊತ್ತು ಹೇಳುವವರಿಲ್ಲದಂತಾಯಿತು. ತಿಂಗಳೊಳಗೆ ಸಾವಕಾರರು ಶೆಡ್ಡಿನ ಮೇಲೆ ಭೋಂಗಾ ಕೂಡಿಸಿದರು. ಪಾಳಿ ಬದಲಾಗುವಾಗ, ಅಂದರೆ ಕಾಗೆಗಳು ಏಳುವುದಕ್ಕೆ ಬಹಳ ಮೊದಲು, ಅದು ಊರಿಗೇ ಕೇಳುವಂತೆ ಊದುತ್ತಿತ್ತು. ಅತ್ತೆಯೂ ಓಣಿಯ ಎಲ್ಲ ಹೆಂಗಸರೂ ಅದಕ್ಕೇ ಏಳತೊಡಗಿದರು. ಭೋಂಗಾ ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತದೆಂದು, ಊರಿಗೆ ಕೇಡೆಂದು ಒಬ್ಬ ಹಿರಿಯನೂ ಹೇಳಲಿಲ್ಲ. ಅದನ್ನು ಯಾರೂ ಲೋಕಾಪುರದ ಬಂಡಿಗೆ ಹಾಕಲಿಲ್ಲ.

ಆ ಮಳೆಗಾಲದಲ್ಲಿ ಅತ್ತೆ ರಾಟಿಯ ಮೇಲೆಯೇ ಕುಸಿದರು. ಜಮಖಂಡಿಯಿಂದ ಬಂದ ವೈದ್ಯರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಈ ಹೆಣ್ಣುಮಗಳಿಗೆ ಔಷಧಕ್ಕಿಂತ ನಿದ್ದೆ ಬೇಕೆಂದರು. ಮಾವ ನೆಲ ನೋಡುತ್ತ ನಿಂತಿದ್ದರು. ವೈದ್ಯರು ಹೋದ ಮೇಲೆ ನಾನು ಮಾವನಿಗೆ ಕೇಳುವಂತೆ ಅತ್ತೆಗೆ ಹೇಳಿದೆ.

"ನಾಳಿಂದ ಕಾಗಿ ಕೂಗೂತನ ನಾ ಏಳಂಗಿಲ್ರಿ. ನಿಮ್ಮನ್ನೂ ಏಳಗೊಡಂಗಿಲ್ಲ."

ಮಾವ ಬೈಯುತ್ತಾರೆಂದು ಕಾದೆ. ಅವರು ರುಮಾಲು ಎತ್ತಿಕೊಂಡು ಹೊರಗೆ ಹೋದರು. ಮರುದಿನ ಭೋಂಗಾ ಊದಿದಾಗ ನಾನು ಕಣ್ಣು ತೆರೆದು ಮಲಗಿಯೇ ಇದ್ದೆ. ಪಕ್ಕದ ಮನೆಗಳಲ್ಲಿ ರಾಟಿಗಳ ಸದ್ದು ಶುರುವಾಯಿತು. ನಮ್ಮ ಮನೆಯಲ್ಲಿ ಆಗಲಿಲ್ಲ. ಅಂದಿನಿಂದ ಕಾಗೆ ಕೂಗುವ ಮೊದಲು ಎಂದೂ ಆಗಲಿಲ್ಲ. ಅತ್ತೆ ಮೂರು ತಿಂಗಳಲ್ಲಿ ಚೇತರಿಸಿಕೊಂಡರು. ಮೈಗಳ್ಳಿ ಎಂಬ ಹೆಸರು ನನಗೆ ಶಾಶ್ವತವಾಯಿತು. ಅದನ್ನು ನಾನು ಸಂತೋಷದಿಂದ ಇಟ್ಟುಕೊಂಡೆ.

ಕೈಮಗ್ಗದಿಂದ ಹೊಟ್ಟೆ ತುಂಬುವುದು ಮಾತ್ರ ವರ್ಷವರ್ಷಕ್ಕೆ ಕಷ್ಟವಾಯಿತು. ಶೆಡ್ಡಿನ ಮಗ್ಗ ದಿನಕ್ಕೆ ಇಳಿಸುವ ಬಟ್ಟೆಯನ್ನು ನಮ್ಮ ಮಗ್ಗ ವಾರಕ್ಕೆ ಇಳಿಸುತ್ತಿರಲಿಲ್ಲ. ಕಡೆಗೆ ನನ್ನ ಗಂಡನೂ ಅಲ್ಲಿಗೇ ಕೆಲಸಕ್ಕೆ ಹೋದ. ನಾನು ಬೇಡವೆನ್ನಲಿಲ್ಲ. ಆಗ ಮಡಿಲಲ್ಲಿ ಮಗುವಿತ್ತು. ಅವನಿಗೆ ರಾತ್ರಿ ಪಾಳಿ ಬಿತ್ತು. ಸಂಜೆ ಹೋದವನು ನಾನು ರೊಟ್ಟಿ ಬಡಿಯುವ ಹೊತ್ತಿಗೆ ಬರುತ್ತಿದ್ದ, ಕಣ್ಣು ಕೆಂಪು, ತಲೆಗೂದಲೆಲ್ಲ ಹತ್ತಿಯ ಧೂಳು.

ಒಂದು ದಿನ ಊಟಕ್ಕೆ ಕೂತವನು ತಾನೇ ಮಾತು ತೆಗೆದ. ಶೆಡ್ಡಿನ ತಗಡಿನ ಸಂದಿಯಲ್ಲಿರುವ ಗುಬ್ಬಿಗಳು ರಾತ್ರಿಯೂ ಮಲಗುವುದಿಲ್ಲವಂತೆ. ಮಗ್ಗಗಳ ಆ ಸದ್ದಿನಲ್ಲೇ, ಬಲ್ಬಿನ ಬೆಳಕಿನಲ್ಲಿ ಹುಳ ಹಿಡಿದು ಹಿಡಿದು ತಂದು ಮರಿಗಳಿಗೆ ತಿನ್ನಿಸುತ್ತವಂತೆ. ನಡುರಾತ್ರಿ ಚಹಾದ ಹೊತ್ತಿಗೆ ಎಲ್ಲರೂ ತಲೆಯೆತ್ತಿ ಅದನ್ನೇ ನೋಡುತ್ತಾರಂತೆ. ಸಾವಕಾರರು ಅವನ್ನು ತೋರಿಸಿ, ನೋಡಿ ಕಲಿಯಿರಿ ಎಂದರಂತೆ. ಅವನು ಇದನ್ನು ಸೋಜಿಗದ ಸುದ್ದಿಯೆಂಬಂತೆ ನಗುತ್ತ ಹೇಳುತ್ತಿದ್ದ. ನನಗೆ ನಗು ಬರಲಿಲ್ಲ.

"ಮತ್ತ ಅವು ಮಲಗೂದು ಯಾವಾಗ?" ಎಂದೆ.

ಅವನು ಯೋಚಿಸಿದ. ಅದನ್ನು ತಾನು ನೋಡಿಲ್ಲ ಎಂದ. ನಾನು ಇನ್ನೊಂದು ರೊಟ್ಟಿ ಹಂಚಿನಿಂದ ತೆಗೆದು ತಿರುಗುವುದರೊಳಗೆ, ತುತ್ತು ಕೈಯಲ್ಲಿ ಹಿಡಿದಂತೆಯೇ, ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಹೊರಗೆ ಬಿಸಿಲು ಏರಿತ್ತು. ನಾನು ಅವನ ಕೈಯಿಂದ ತುತ್ತು ಬಿಡಿಸಿ ತಟ್ಟೆಗೆ ಹಾಕಿ, ಬಾಗಿಲು ಮುಚ್ಚಿ, ಕಿಟಕಿಗೆ ನನ್ನದೊಂದು ಹಳೆಯ ಸೀರೆ ಕಟ್ಟಿ ಕತ್ತಲೆ ಮಾಡಿದೆ.